ಜಾಮೀನು ಸಿಕ್ಕಿದೆ, ಕರೆದುಕೊಂಡು ಹೋಗುವವರಿಲ್ಲ: ಬಾಲನ್ಯಾಯ ಮಂಡಳಿಯ ಜೊತೆ ಊರಿನವರು ಕೆಲಸ ಮಾಡುವುದು ಹೇಗೆ

18 ತುಂಬದ ಮಕ್ಕಳ ಮೇಲಿನ ಕೇಸು ನಡೆಯುವ ಬಾಲನ್ಯಾಯ ಮಂಡಳಿಯ ಕೋಣೆಯಲ್ಲಿ ಕಟಕಟೆ ಇರುವುದಿಲ್ಲ. ಮಂಡಳಿಯವರು ಎತ್ತರದ ಪೀಠದಲ್ಲಿ ಕೂರುವಂತಿಲ್ಲ, ಅವರಿಗೂ ಮಗುವಿಗೂ ನಡುವೆ ಅಡ್ಡಗಂಬಿ ಇರುವಂತಿಲ್ಲ ಎಂದು ನಿಯಮವೇ ಹೇಳುತ್ತದೆ. ಹಾಗಾಗಿ ಹುಡುಗನ ಮುಖ ಕೋಣೆಯಲ್ಲಿದ್ದ ಎಲ್ಲರಿಗೂ ಕಾಣುತ್ತದೆ. ಆ ದಿನ ನಿಂತಿದ್ದವನಿಗೆ ಹದಿನಾರು ವರ್ಷ. ಬೈಕ್ ಕದ್ದ ಕೇಸು. ಜಾಮೀನು ಆಗಿ ಎಂಟು ದಿನ ಕಳೆದಿದ್ದರೂ, ವಿಚಾರಣೆ ಮುಗಿಯುವವರೆಗೆ ಮಕ್ಕಳನ್ನು ಇಡುವ ವೀಕ್ಷಣಾಲಯದಲ್ಲೇ ಇದ್ದ. ಅಪ್ಪ ಇಲ್ಲ, ಅವ್ವ ಬೆಂಗಳೂರಿಗೆ ಗುಳೆ ಹೋಗಿದ್ದಾಳೆ, ಊರಲ್ಲಿರುವುದು ಅಜ್ಜಿ ಒಬ್ಬಳೇ. ಶ್ಯೂರಿಟಿಗೆ ಪಹಣಿ ಬೇಕು ಅಂದಿದ್ದರಂತೆ. "ಪಾಣಿ ಯಾರ ಹೆಸರಾಗೈತೋ ನಂಗೇನ್ ಗೊತ್ತು ಸ್ವಾಮಿ" ಎಂದು ಆಕೆ ಸೆರಗಿನ ತುದಿ ಹಿಂಡುತ್ತ ನಿಂತಿದ್ದಳು. ನ್ಯಾಯಾಧೀಶರು ಫೈಲಿನಿಂದ ತಲೆಯೆತ್ತಿ ಕೇಳಿದರು: "ಇವನ ಕಡೆಯಿಂದ ಬೇರೆ ಯಾರಾದರೂ ಬಂದಿದ್ದಾರಾ?"

ಆ ಪ್ರಶ್ನೆಗೆ "ಬಂದಿದ್ದೇವೆ" ಎನ್ನುವ ನಾಲ್ಕು ಜನರನ್ನು ಮೊದಲೇ ಸಿದ್ಧ ಮಾಡಿಟ್ಟುಕೊಳ್ಳುವುದು ಹೇಗೆ ಎನ್ನುವುದೇ ಈ ಬರಹ. ನಾನು ಅರೆಕಾನೂನು ಸ್ವಯಂಸೇವಕನಾಗಿ ಮಂಡಳಿಗೆ ಓಡಾಡಿದವನು. ಕಾನೂನು ಓದಿದವನಲ್ಲ. ಇಲ್ಲಿ ಬರುವ ಹುಡುಗರ ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಯಾಕೆ ಎನ್ನುವುದು ಮುಂದೆ ಗೊತ್ತಾಗುತ್ತದೆ.

ಮೊದಲು, ಕಾನೂನು ನಿಮಗೆ ಕೊಟ್ಟಿರುವ ಜಾಗ

ಬಾಲನ್ಯಾಯ (ಮಕ್ಕಳ ಪಾಲನೆ ಮತ್ತು ರಕ್ಷಣೆ) ಕಾಯ್ದೆ 2015, ಜಾರಿಗೆ ಬಂದದ್ದು 2016ರ ಜನವರಿ 15ರಂದು. ಕೃತ್ಯ ನಡೆದ ದಿನ 18 ತುಂಬಿರದಿದ್ದರೆ ಆ ಹುಡುಗ ಅಥವಾ ಹುಡುಗಿ "ಕಾನೂನಿನೊಂದಿಗೆ ಸಂಘರ್ಷಕ್ಕೊಳಗಾದ ಮಗು". ಬಾಯಿ ತುಂಬುವ ಮಾತು, ನಿಜ. ಆದರೂ ಬಾಲಾಪರಾಧಿ, ಆರೋಪಿ, ಕೈದಿ ಎಂಬ ಪದಗಳನ್ನು ಬಿಡಿ. ಕಳಂಕ ತರುವ ಮಾತು ಬಳಸಬಾರದು ಎನ್ನುವುದು ಕಾಯ್ದೆಯ ಮೂಲತತ್ವಗಳಲ್ಲೇ ಒಂದು, ಮತ್ತು ನೀವು ಬರೆದ ಪತ್ರದಲ್ಲಿ ಆ ಪದ ಕಂಡರೆ ಅಧಿಕಾರಿ ನಿಮ್ಮನ್ನು ಅಲ್ಲೇ ಅಳೆದುಬಿಡುತ್ತಾರೆ.

ಮಂಡಳಿಯಲ್ಲಿ ಒಬ್ಬ ಮ್ಯಾಜಿಸ್ಟ್ರೇಟ್, ಇಬ್ಬರು ಸಮಾಜ ಕಾರ್ಯಕರ್ತ ಸದಸ್ಯರು. ಆ ಇಬ್ಬರಲ್ಲಿ ಒಬ್ಬರಾದರೂ ಮಹಿಳೆ ಇರಲೇಬೇಕು. ಸಮಾಜ ಒಳಗೆ ಬರಲಿ ಎಂದೇ ಈ ರಚನೆ. ಅದಕ್ಕಿಂತ ನಮಗೆ ಮುಖ್ಯವಾದ ಮೂರು ಕಿಂಡಿಗಳಿವೆ. ಕಲಂ 12ರ ಪ್ರಕಾರ ಜಾಮೀನನ್ನು ಶ್ಯೂರಿಟಿ ಇಟ್ಟೂ ಕೊಡಬಹುದು, ಇಲ್ಲದೆಯೂ ಕೊಡಬಹುದು. ಪರಿವೀಕ್ಷಣಾಧಿಕಾರಿಯ (ಪ್ರೊಬೇಷನ್ ಆಫೀಸರ್) ಮೇಲ್ವಿಚಾರಣೆಗೆ ಬಿಡಬಹುದು, ಇಲ್ಲವೇ ಒಬ್ಬ "ಯೋಗ್ಯ ವ್ಯಕ್ತಿ"ಯ ಕೈಗೆ ಒಪ್ಪಿಸಬಹುದು. ಏಳು ದಿನದೊಳಗೆ ಜಾಮೀನಿನ ಷರತ್ತು ಪೂರೈಸಲಾಗದಿದ್ದರೆ ಮಗುವನ್ನು ಮತ್ತೆ ಮಂಡಳಿ ಮುಂದೆ ತಂದು ಷರತ್ತು ಸಡಿಲಿಸಬೇಕು. ಆ ಅಜ್ಜಿಗೆ ಇದನ್ನು ಯಾರೂ ಹೇಳಿರಲಿಲ್ಲ. ಎರಡನೆಯದು ಕಲಂ 8: ಪರಿವೀಕ್ಷಣಾಧಿಕಾರಿ ಲಭ್ಯವಿಲ್ಲದಿದ್ದರೆ ಸಾಮಾಜಿಕ ತನಿಖಾ ವರದಿಯನ್ನು ಸಮಾಜ ಕಾರ್ಯಕರ್ತರಿಂದಲೂ ಮಾಡಿಸಬಹುದು, 15 ದಿನದೊಳಗೆ. ಮೂರನೆಯದು ಕಲಂ 18, ಅಂದರೆ ಕೊನೆಯ ಆದೇಶ. ಬುದ್ಧಿಹೇಳಿ ಮನೆಗೆ ಕಳಿಸುವುದು, ಗುಂಪು ಸಮಾಲೋಚನೆ, ಸಮುದಾಯ ಸೇವೆ, ಯೋಗ್ಯ ವ್ಯಕ್ತಿಯ ಉಸ್ತುವಾರಿಯಲ್ಲಿ ಗರಿಷ್ಠ ಮೂರು ವರ್ಷ ಸನ್ನಡತೆಯ ಮೇಲೆ ಬಿಡುವುದು, ಜೊತೆಗೆ ಶಾಲೆ, ಕೌಶಲ ತರಬೇತಿ, ವ್ಯಸನಮುಕ್ತಿ. ಇವೆಲ್ಲ ಕಾಗದದ ಮೇಲಿವೆ. ಸಮಾಲೋಚನೆ ಎಲ್ಲಿ, ತರಬೇತಿ ಯಾರಿಂದ, ಸೇವೆ ಯಾವ ಜಾಗದಲ್ಲಿ ಎಂಬುದಕ್ಕೆ ತಾಲೂಕಿನಲ್ಲಿ ಉತ್ತರ ಇಲ್ಲದಿದ್ದರೆ ಆದೇಶವೂ ಬರುವುದಿಲ್ಲ.

ಹೆಜ್ಜೆ 1: ಬಾಗಿಲು ತಟ್ಟುವುದು

ಮಂಡಳಿಯ ಕಲಾಪ ಸಾರ್ವಜನಿಕರಿಗೆ ತೆರೆದಿಲ್ಲ. ನೇರವಾಗಿ ಹೋಗಿ "ಸೇವೆ ಮಾಡ್ತೀವಿ" ಎಂದರೆ ಬಾಗಿಲಲ್ಲೇ ನಿಲ್ಲಿಸುತ್ತಾರೆ, ನಿಲ್ಲಿಸಬೇಕು ಕೂಡ. ಎರಡು ಕಡೆ ಹೋಗಿ.

ಒಂದು, ಜಿಲ್ಲಾ ಮಕ್ಕಳ ರಕ್ಷಣಾ ಘಟಕ. ಎಲ್ಲರ ಬಾಯಲ್ಲೂ ಡಿಸಿಪಿಯು. ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯಡಿ ಬರುತ್ತದೆ. ಅಲ್ಲಿ ಜಿಲ್ಲಾ ಮಕ್ಕಳ ರಕ್ಷಣಾಧಿಕಾರಿಯ ಕೆಳಗೆ ಕಾನೂನು ಮತ್ತು ಪರಿವೀಕ್ಷಣಾಧಿಕಾರಿ, ಆಪ್ತಸಮಾಲೋಚಕರು, ಸಮಾಜ ಕಾರ್ಯಕರ್ತರು, ಔಟ್‌ರೀಚ್ ವರ್ಕರ್ ಇರುತ್ತಾರೆ. ಎಲ್ಲ ಹುದ್ದೆ ಭರ್ತಿಯಾಗಿದ್ದರೆ ಅದು ನಿಮ್ಮ ಪುಣ್ಯ. ಎರಡು, ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಅಥವಾ ನಿಮ್ಮ ತಾಲೂಕಿನ ಕಾನೂನು ಸೇವಾ ಸಮಿತಿ. ಅಲ್ಲಿ ಅರೆಕಾನೂನು ಸ್ವಯಂಸೇವಕರಾಗಿ ಹೆಸರು ಕೊಟ್ಟು, ತರಬೇತಿ ಪಡೆದು, ಗುರುತಿನ ಚೀಟಿ ತೆಗೆದುಕೊಳ್ಳಿ. ಮಕ್ಕಳಿಗೆ ಉಚಿತ ವಕೀಲರ ನೆರವಿಗೆ ಆದಾಯದ ಮಿತಿ ಇಲ್ಲ, ಸಹಾಯವಾಣಿ 15100. ಇದು ಪೋಷಕರಿಗೆ ಗೊತ್ತೇ ಇರುವುದಿಲ್ಲ. ಕೋರ್ಟಿನ ಮುಂದಿನ ಟೀ ಅಂಗಡಿಯಲ್ಲಿ ಸಿಕ್ಕವರಿಗೆ ಒಡವೆ ಅಡವಿಟ್ಟು ದುಡ್ಡು ಕೊಟ್ಟವರನ್ನು ನೋಡಿದ್ದೇನೆ.

ಹೋಗುವಾಗ "ಮಕ್ಕಳ ಸರ್ವಾಂಗೀಣ ಅಭಿವೃದ್ಧಿ" ಎಂಬ ನಾಲ್ಕು ಪುಟದ ಪ್ರಸ್ತಾವನೆ ಒಯ್ಯಬೇಡಿ. ಒಂದೇ ಹಾಳೆ ಸಾಕು: ನಿಮ್ಮ ಬಳಿ ಯಾವ ಒಂದು ಸೇವೆ ಇದೆ, ಯಾವ ದಿನ, ಎಷ್ಟು ಗಂಟೆಗೆ, ಯಾರು ಜವಾಬ್ದಾರಿ, ಎಷ್ಟು ಮಕ್ಕಳಿಗೆ. ನಮ್ಮ ಮೊದಲ ಹಾಳೆಯಲ್ಲಿದ್ದದ್ದು ಇಷ್ಟೇ. ಶನಿವಾರ ಮಧ್ಯಾಹ್ನ ಎರಡು ಗಂಟೆ ಒಬ್ಬ ನಿವೃತ್ತ ಗಣಿತ ಮೇಷ್ಟ್ರು, ನಾಲ್ಕು ಹುಡುಗರಿಗೆ ಪಾಠ. ಅಷ್ಟಕ್ಕೇ ಅಧಿಕಾರಿ ಕುರ್ಚಿ ಎಳೆದು ಕೂರಿಸಿದರು.

ಹೆಜ್ಜೆ 2: ಜಾಗಗಳ ಪಟ್ಟಿ

ಎಲ್ಲಕ್ಕಿಂತ ಹೆಚ್ಚು ಫಲ ಕೊಟ್ಟ ಕೆಲಸ ಇದು, ಖರ್ಚು ಒಂದು ನೋಟ್‌ಬುಕ್ಕು. ತಾಲೂಕಿನಲ್ಲಿ ಒಬ್ಬ ಹುಡುಗನನ್ನು ವಾರಕ್ಕೆ ಕೆಲವು ಗಂಟೆ ಒಪ್ಪಿಕೊಳ್ಳಬಲ್ಲ ಜಾಗ ಯಾವುವು? ಗ್ರಂಥಾಲಯ, ಗರಡಿಮನೆ, ಕಬಡ್ಡಿ ತಂಡ, ಟೈಲರ್ ಅಂಗಡಿ, ನರ್ಸರಿ, ಕಂಪ್ಯೂಟರ್ ಸೆಂಟರ್, ಮಠದ ಹಾಸ್ಟೆಲ್, ಮಸೀದಿ ಕಮಿಟಿಯ ಟ್ಯೂಷನ್, ಚರ್ಚಿನ ಸಭಾಂಗಣ. ಪ್ರತಿಯೊಂದರ ಮುಂದೆ ಒಪ್ಪಿದವರ ಹೆಸರು, ನಂಬರು, ಅವರ ಷರತ್ತು. "ಸ್ಮೋಕ್ ಮಾಡಿದ್ರೆ ಕಳಿಸಿಬಿಡ್ತೀನಿ" ಎಂದ ಟೈಲರ್ ಮಾತನ್ನೂ ಹಾಗೇ ಬರೆದಿಟ್ಟುಕೊಂಡಿದ್ದೇವೆ. ಷರತ್ತು ಹಾಕದೆ ಎಲ್ಲದಕ್ಕೂ ಹೂಂ ಅಂದವರಿಗಿಂತ ಅವರೇ ಗಟ್ಟಿ.

ಒಂದು ಎಚ್ಚರ. 14 ತುಂಬದವರನ್ನು ಕೆಲಸಕ್ಕೆ ಇಟ್ಟುಕೊಳ್ಳುವಂತಿಲ್ಲ, 14ರಿಂದ 18ರವರನ್ನು ಅಪಾಯಕಾರಿ ಕೆಲಸಕ್ಕೆ ಹಾಕುವಂತಿಲ್ಲ. ನೀವು ತೋರಿಸುವುದು ಕಲಿಯುವ ಜಾಗ. ಅಗ್ಗದ ಕೂಲಿಯಾಳು ಬೇಕಾದವರ ಹೆಸರನ್ನು ಹೊಡೆದುಹಾಕಿ. ಪಟ್ಟಿಯನ್ನು ಡಿಸಿಪಿಯುಗೆ ತೋರಿಸಿ ಒಪ್ಪಿಗೆ ಪಡೆಯಿರಿ. ಯಾರಾದರೂ ಮಗುವನ್ನು ಮನೆಯಲ್ಲೇ ಇಟ್ಟುಕೊಳ್ಳಲು ಸಿದ್ಧರಿದ್ದರೆ ಕಲಂ 52ರಡಿ ಮಂಡಳಿ ಪೂರ್ವಾಪರ ಪರಿಶೀಲಿಸಿ ಯೋಗ್ಯ ವ್ಯಕ್ತಿಯೆಂದು ಮಾನ್ಯ ಮಾಡಬೇಕು. ಸಂಸ್ಥೆಯಾದರೆ ಕಲಂ 51ರಡಿ ಯೋಗ್ಯ ಸೌಲಭ್ಯವೆಂದು. ಬರೀ ನಂಬಿಕೆಯ ಮೇಲೆ ಮಗುವನ್ನು ಯಾರ ಮನೆಗೂ ಬಿಡಬೇಡಿ.

ಹೆಜ್ಜೆ 3: ಮೊದಲ 24 ಗಂಟೆ

ಠಾಣೆಯಿಂದ ಫೋನ್ ಬರುವುದು ಸಾಮಾನ್ಯವಾಗಿ ರಾತ್ರಿ. ಮಾಡುವುದು ಮೆತ್ತಗೆ ಪ್ರಶ್ನೆ ಕೇಳುವ ಕೆಲಸ, ಜಗಳವಲ್ಲ. ಪ್ರತಿ ಠಾಣೆಯಲ್ಲೂ ಎಎಸ್‌ಐಗಿಂತ ಕಡಿಮೆಯಲ್ಲದ ದರ್ಜೆಯ ಒಬ್ಬ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಇರಬೇಕು. ಅವರ ಹೆಸರು ಮೊದಲೇ ತಿಳಿದಿರಲಿ. "ಸಾರ್, ಮಗು ನಿಮ್ಮ ಸುಪರ್ದಿಯಲ್ಲಿದೆಯಾ?" ಎಂದು ಅವರನ್ನೇ ಕೇಳಿ. ಲಾಕಪ್ಪಿಗೆ ಹಾಕುವಂತಿಲ್ಲ, ಕೋಳ ತೊಡಿಸುವಂತಿಲ್ಲ, ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಮಂಡಳಿಗೆ ಹಾಜರುಪಡಿಸಬೇಕು. ಮಂಡಳಿ ಕೂರದ ದಿನವಾದರೆ ಒಬ್ಬ ಸದಸ್ಯರ ಮುಂದೆ ಹಾಜರುಪಡಿಸಬಹುದು. 2016ರ ಮಾದರಿ ನಿಯಮಗಳ ಪ್ರಕಾರ ಘೋರ ಕೃತ್ಯವಲ್ಲದಿದ್ದರೆ, ಆ ಕೃತ್ಯದಲ್ಲಿ ದೊಡ್ಡವರು ಕೈಜೋಡಿಸಿರದಿದ್ದರೆ, ಎಫ್‌ಐಆರ್ ಹಾಕುವಂತಿಲ್ಲ. ದಿನಚರಿಯಲ್ಲಿ ದಾಖಲಿಸಿ ಸಾಮಾಜಿಕ ಹಿನ್ನೆಲೆ ವರದಿ ಬರೆಯಬೇಕು. ಏಳು ತುಂಬದ ಮಗುವಿನ ಕೃತ್ಯ ಅಪರಾಧವೇ ಅಲ್ಲ.

ಆ ರಾತ್ರಿ ನೀವು ಹುಡುಕಬೇಕಾದ ಕಾಗದ ಒಂದೇ: ವಯಸ್ಸಿನ ದಾಖಲೆ. ಶಾಲೆಯ ಜನ್ಮದಿನಾಂಕದ ಪ್ರಮಾಣಪತ್ರ ಅಥವಾ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಮೊದಲು, ಅದಿಲ್ಲದಿದ್ದರೆ ಪಂಚಾಯಿತಿ ಅಥವಾ ಪುರಸಭೆಯ ಜನನ ಪ್ರಮಾಣಪತ್ರ, ಅದೂ ಇಲ್ಲದಿದ್ದರೆ ಮಾತ್ರ ಮೂಳೆ ಪರೀಕ್ಷೆ. ನಮ್ಮ ಕಡೆ ಅರ್ಧ ಊರು ಜೂನ್ ಒಂದನೇ ತಾರೀಕು ಹುಟ್ಟಿದ್ದು ಗೊತ್ತಲ್ಲ, ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದ ದಿನಾಂಕ. ಆ ಒಂದು ಗೀಟಿನ ಮೇಲೆ ಹುಡುಗ ಜೈಲಿಗೆ ಹೋಗುವುದೋ ಮಂಡಳಿಗೆ ಹೋಗುವುದೋ ನಿರ್ಧಾರವಾದದ್ದುಂಟು. ಮುಖ್ಯಶಿಕ್ಷಕರನ್ನು ರಾತ್ರಿಯೇ ಎಬ್ಬಿಸಿ, ಬೆಳಿಗ್ಗೆ ದಾಖಲಾತಿ ಪುಸ್ತಕದ ದೃಢೀಕೃತ ನಕಲು ಸಿಗುವಂತೆ ನೋಡಿಕೊಳ್ಳಿ.

ಇನ್ನೊಂದು ಕಟ್ಟುನಿಟ್ಟಿನ ಮಾತು. ಹುಡುಗನನ್ನು "ಏನ್ ಮಾಡ್ದೆ?" ಎಂದು ಕೇಳಬೇಡಿ. ಅದು ವಕೀಲರ ಕೆಲಸ. ಕೇಳಿದರೆ ನೀವೇ ಸಾಕ್ಷಿಯಾಗಬೇಕಾದೀತು. ಊಟ ಆಯ್ತಾ, ಯಾರಾದರೂ ಹೊಡೆದರಾ, ಯಾರಿಗೆ ಫೋನ್ ಮಾಡಬೇಕು, ಇಷ್ಟು ಕೇಳಿ ಸುಮ್ಮನಿರಿ.

ಹೆಜ್ಜೆ 4: ವರದಿಗೆ ಜೀವ ತುಂಬುವುದು

ಸಾಮಾಜಿಕ ತನಿಖಾ ವರದಿ ಎಂದರೆ ಮಂಡಳಿಗೆ ಆ ಹುಡುಗನ ಮನೆ, ಶಾಲೆ, ಓಣಿ ಕಾಣಿಸುವ ಕಿಟಕಿ. ಒಬ್ಬ ಪರಿವೀಕ್ಷಣಾಧಿಕಾರಿ ಇಡೀ ಜಿಲ್ಲೆ ಸುತ್ತಿ ಎರಡು ವಾರದಲ್ಲಿ ಬರೆಯಬೇಕು. ಬಸ್ಸಿಲ್ಲದ ಊರಿಗೆ ಹೋಗಲಾಗದೆ ಫೋನಿನಲ್ಲೇ ಕೇಳಿ ಬರೆದ ವರದಿಗಳಿರುತ್ತವೆ. ಒಮ್ಮೆ ಓದಿದ ಸಾಲು: "ಹುಡುಗ ಸೋಮಾರಿ, ಸಹವಾಸ ಸರಿಯಿಲ್ಲ, ಮನೆಯವರ ಮಾತು ಕೇಳುವುದಿಲ್ಲ." ಇದನ್ನು ಓದಿದ ಯಾರು ತಾನೇ ಮನೆಗೆ ಕಳಿಸಿಯಾರು?

ಅಧಿಕಾರಿಯ ಒಪ್ಪಿಗೆ ಪಡೆದು ನಾವು ಆ ಊರಿಗೆ ಹೋದೆವು. ಶಾಲೆಯ ಹಾಜರಿ ಪುಸ್ತಕದಲ್ಲಿ ಜನವರಿಯವರೆಗೆ ಒಂದೇ ಒಂದು ಗೈರು. ಫೆಬ್ರವರಿಯಿಂದ ಸಾಲುಸಾಲು ಗೈರು. ಫೆಬ್ರವರಿಯಲ್ಲಿ ಏನಾಯ್ತು ಎಂದರೆ ಅಂಗನವಾಡಿ ಕಾರ್ಯಕರ್ತೆ ಹೇಳಿದರು, ಅಪ್ಪ ತೀರಿಕೊಂಡ ತಿಂಗಳು. ಆಮೇಲೆ ಹುಡುಗ ರಾತ್ರಿ ಧಾಬಾದಲ್ಲಿ ತಟ್ಟೆ ತೊಳೆಯುತ್ತಿದ್ದ, ಹಗಲು ಮಲಗುತ್ತಿದ್ದ. ಸೋಮಾರಿ ಎಂಬ ಪದ ಹುಟ್ಟಿದ್ದು ಅಲ್ಲಿ. ಬೈಕ್ ತರಲು ಕಳಿಸಿದ್ದು ಧಾಬಾಕ್ಕೆ ಬರುತ್ತಿದ್ದ ಒಬ್ಬ ದೊಡ್ಡವನು. ಅಂಥವನ ಮೇಲೆ ಬೇರೆಯೇ ಕಲಂ ಇದೆ: ಮಕ್ಕಳನ್ನು ಅಕ್ರಮ ಕೆಲಸಕ್ಕೆ ಬಳಸಿದ ವಯಸ್ಕರಿಗೆ ಕಲಂ 83ರಡಿ ಏಳು ವರ್ಷದವರೆಗೆ ಕಠಿಣ ಶಿಕ್ಷೆ. ಇದನ್ನು ನಾವು ಹುಡುಗನ ಬಾಯಿಂದ ಕೇಳಲಿಲ್ಲ, ಊರಿನವರಿಂದ ತಿಳಿಯಿತು, ವಕೀಲರಿಗೆ ಮುಟ್ಟಿಸಿದೆವು. ಸೋದರತ್ತೆ ಪಕ್ಕದ ಊರಿನಲ್ಲಿದ್ದಾಳೆ, ಇಟ್ಟುಕೊಳ್ಳಲು ಸಿದ್ಧ, ಅಲ್ಲಿಂದ ಹೈಸ್ಕೂಲು ಒಂದು ಕಿಲೋಮೀಟರು. ಇಷ್ಟೂ ವರದಿಗೆ ಸೇರಿತು.

ಬರೆಯುವಾಗ ಗುಣವಿಶೇಷಣ ಬಿಡಿ, ತಿಂಗಳು, ಹೆಸರು, ದೂರ ಬರೆಯಿರಿ. ಮನೆಗೆ ಹೋಗುವಾಗ ಇಲಾಖೆಯ ಜೀಪು ಬೇಡ. ಓಣಿಯಲ್ಲಿ ವಿಚಾರಿಸಬೇಕಾದರೆ ಕೇಸಿನ ಮಾತೆತ್ತದೆ, ಶಾಲೆ ಬಿಟ್ಟ ಮಕ್ಕಳ ಬಗ್ಗೆ ವಿಚಾರಿಸಿ. ಹೊಗಳಿ ಬರೆಯುವ ಆಸೆಯೂ ಬೇಡ. ಗಾಂಜಾ ಇದ್ದರೆ ಗಾಂಜಾ ಎಂದೇ ಬರೆದು, ಚಿಕಿತ್ಸೆ ಎಲ್ಲಿ ಎನ್ನುವುದನ್ನು ಕೆಳಗೆ ಬರೆಯಿರಿ.

ಹೆಜ್ಜೆ 5: ಮನೆಗೆ ಬಂದ ಮೇಲೆ

ಮೊದಲ ಆರು ವಾರ ನಿರ್ಣಾಯಕ ಎನ್ನುವುದು ನನ್ನ ಅನುಭವ. ಹಳೇ ಗೆಳೆಯರು ಮೂರನೇ ದಿನಕ್ಕೇ ಬಂದು ಹಾರ್ನ್ ಹೊಡೆಯುತ್ತಾರೆ.

ಶಾಲೆ ಅಥವಾ ಕಸುಬಿನ ಜಾಗ ವಾರದೊಳಗೆ ಗೊತ್ತಾಗಬೇಕು. ಟಿಸಿ ಕೊಟ್ಟು ಕಳಿಸುವ ಶಾಲೆಗಳಿವೆ. ಕಲಂ 24 ತೋರಿಸಿ ಮಾತಾಡಿ, ಈ ಕಾಯ್ದೆಯಡಿ ನಡೆದ ಪ್ರಕರಣದಿಂದ ಮಗುವಿಗೆ ಯಾವ ಅನರ್ಹತೆಯೂ ಅಂಟಬಾರದು ಎನ್ನುತ್ತದೆ ಅದು. ಆಗದಿದ್ದರೆ ಎಸ್ಸೆಸ್ಸೆಲ್ಸಿ ಖಾಸಗಿ ಅಭ್ಯರ್ಥಿ ದಾರಿ ಇದೆ, ಮುಕ್ತ ಶಾಲೆ ಇದೆ, ಐಟಿಐ ಇದೆ. ವ್ಯಸನಕ್ಕೆ ಬೈಗುಳ ಮದ್ದಲ್ಲ. ಮನೋಚೈತನ್ಯ ಕಾರ್ಯಕ್ರಮದಡಿ ತಾಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರುತ್ತಾರೆ, ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮನಸ್ ನಂಬರ್ 14416. ಸೊಲ್ಯೂಷನ್ ಮೂಸುವ ಹುಡುಗನನ್ನು ಮೊದಲ ಮಂಗಳವಾರ ನೀವೇ ಜೊತೆಯಲ್ಲಿ ಕರೆದೊಯ್ಯಿರಿ. ಚೀಟಿ ಬರೆದುಕೊಟ್ಟು "ಹೋಗಿ ಬಾ" ಎಂದರೆ ಹೋಗುವುದಿಲ್ಲ.

ವಾಯಿದೆ ದಿನಗಳನ್ನು ಕ್ಯಾಲೆಂಡರಿನಲ್ಲಿ ಕೆಂಪು ಗುರುತು ಮಾಡಿ, ಹಿಂದಿನ ದಿನ ಸಂಜೆ ಫೋನ್ ಮಾಡಿ. ತಪ್ಪಿಸಿಕೊಂಡ ಅನ್ನಿಸಿಕೊಳ್ಳುವ ಮಕ್ಕಳಲ್ಲಿ ಬಸ್ ಚಾರ್ಜಿಗೆ ದುಡ್ಡಿಲ್ಲದೆ ಬಾರದವರೂ ಇರುತ್ತಾರೆ. ವಿಚಾರಣೆ ನಾಲ್ಕು ತಿಂಗಳಲ್ಲಿ ಮುಗಿಯಬೇಕು, ಇನ್ನೆರಡು ತಿಂಗಳು ವಿಸ್ತರಿಸಬಹುದು. ಸಣ್ಣ ಕೃತ್ಯವಾದರೆ ಅಷ್ಟರಲ್ಲೂ ಮುಗಿಯದಿದ್ದರೆ ಪ್ರಕರಣ ಅಲ್ಲಿಗೇ ಕೊನೆ. ಈ ಲೆಕ್ಕವನ್ನು ವಕೀಲರಿಗೆ ನೆನಪಿಸುವವರು ಬೇಕು.

ಸಮುದಾಯ ಸೇವೆಯ ಬಗ್ಗೆ ನನ್ನದೊಂದು ತಕರಾರಿದೆ. 14 ದಾಟಿದವರಿಗೆ ಉದ್ಯಾನ ನೋಡಿಕೊಳ್ಳುವುದು, ವೃದ್ಧರಿಗೆ ನೆರವು, ಆಸ್ಪತ್ರೆಯಲ್ಲಿ ಸಹಾಯ, ಸಂಚಾರ ಸ್ವಯಂಸೇವೆ ಎಂದೆಲ್ಲ ನಿಯಮದಲ್ಲಿದೆ. ಆದರೆ ಒಂದು ಕಡೆ ಹುಡುಗನ ಕೈಗೆ ಪೊರಕೆ ಕೊಟ್ಟು ಬಸ್ ಸ್ಟ್ಯಾಂಡ್ ಗುಡಿಸಿಸಿದರು, ಸಹಪಾಠಿಗಳು ಫೋಟೊ ತೆಗೆದರು. ಮರುದಿನದಿಂದ ಅವನು ಶಾಲೆಗೆ ಹೋಗಲಿಲ್ಲ. ಆಮೇಲೆ ನಾವು ಸೂಚಿಸುವುದು ಕೈಯಲ್ಲಿ ಕಸುಬಿರುವ, ಬೀದಿಯ ಕಣ್ಣಿಗೆ ಬೀಳದ ಕೆಲಸ. ಗ್ರಂಥಾಲಯದ ಹರಿದ ಪುಸ್ತಕಗಳಿಗೆ ರಟ್ಟು ಕಟ್ಟುವುದು ಚೆನ್ನಾಗಿ ನಡೆದಿದೆ.

ಇಂಥ ಕೆಲಸವನ್ನು ಸರ್ಕಾರವೇ ವ್ಯವಸ್ಥೆಯಾಗಿ ಕಟ್ಟಿದ್ದನ್ನು ನೋಡಬೇಕಾದರೆ ಕೇರಳದ ಕಡೆ ನೋಡಿ. 2016ರಲ್ಲಿ ಶುರುವಾದ "ಕಾವಲ್" ಯೋಜನೆಗೆ ನಮ್ಮ ನಿಮ್ಹಾನ್ಸ್‌ನದೇ ತಾಂತ್ರಿಕ ಬೆಂಬಲ. ಸ್ವಯಂಸೇವಾ ಸಂಸ್ಥೆಗಳ ತರಬೇತಾದ ಕಾರ್ಯಕರ್ತರು ಮಗುವನ್ನು ಮನೆಯಲ್ಲೇ ಉಳಿಸಿಕೊಂಡು ಶಾಲೆ, ಸಮಾಲೋಚನೆ, ಕಸುಬು ಜೋಡಿಸುತ್ತಾರೆ. ನಮ್ಮಲ್ಲೂ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಹಿಳಾ ಮತ್ತು ಮಕ್ಕಳ ರಕ್ಷಣಾ ಕಾವಲು ಸಮಿತಿ ಇದೆ. ಬಾಲ್ಯವಿವಾಹ ತಡೆಯುವಾಗ ನೆನಪಾಗುವ ಆ ಸಮಿತಿಗೆ ಈ ಹುಡುಗರನ್ನೂ ನೆನಪಿಸಿ.

ಹೆಜ್ಜೆ 6: ನೊಂದವರು

ಕಳವಾದ ಬೈಕಿನ ಮಾಲೀಕ ಹಾಲು ಹಾಕುವವನಾಗಿದ್ದ. ಹನ್ನೆರಡು ದಿನ ಸೈಕಲ್ಲಿನಲ್ಲಿ ಹಾಲು ಹಾಕಿದ. ಇದನ್ನು ಹುಡುಗ ಕೇಳಿದ್ದು ಬಹಳ ತಡವಾಗಿ, ಮತ್ತು ಅಲ್ಲಿಯವರೆಗೆ ಯಾವ ಉಪದೇಶಕ್ಕೂ ತಗ್ಗದ ತಲೆ ಆಗ ತಗ್ಗಿತು. ಇಬ್ಬರೂ ಒಪ್ಪಿದರೆ, ಮಂಡಳಿ ಅನುಮತಿಸಿದರೆ, ತರಬೇತಾದವರ ಸಮ್ಮುಖದಲ್ಲಿ ಇಂಥ ಭೇಟಿ ಮಾಡಿಸಬಹುದು. ಊರ ಪಂಚಾಯಿತಿ ಕಟ್ಟೆಯಲ್ಲಿ ಕೂರಿಸಿ ರಾಜಿ ಮಾಡಿಸುವುದು ಇದಲ್ಲ. ಲೈಂಗಿಕ ದೌರ್ಜನ್ಯದ ಕೇಸುಗಳಲ್ಲಂತೂ ಇದಕ್ಕೆ ಕೈಹಾಕಲೇಬೇಡಿ.

ಪೋಕ್ಸೋ ಕೇಸಿನಲ್ಲಿ ಮಂಡಳಿಗೆ ಬರುವ ಹದಿನಾರು ಹದಿನೇಳರ ಹುಡುಗರಲ್ಲಿ ಪ್ರೀತಿಸಿ ಓಡಿಹೋದವರೂ ಇರುತ್ತಾರೆ. ಕನಿಷ್ಠ ಶಿಕ್ಷೆಯೇ ಏಳು ವರ್ಷ ಅಥವಾ ಹೆಚ್ಚು ಇರುವ ಕೃತ್ಯ ಕಾನೂನಿನ ಲೆಕ್ಕದಲ್ಲಿ ಘೋರ. 16 ದಾಟಿದ್ದರೆ ಕಲಂ 15ರ ಪ್ರಾಥಮಿಕ ನಿರ್ಧಾರಣೆ ನಡೆಯುತ್ತದೆ, ದೊಡ್ಡವರಂತೆ ವಿಚಾರಣೆಗೆ ಮಕ್ಕಳ ನ್ಯಾಯಾಲಯಕ್ಕೆ ಕಳಿಸಬೇಕೇ ಎಂದು. ಅಲ್ಲಿ ನಿಮ್ಮ ಪಾತ್ರ ವಕೀಲರನ್ನು ಬೇಗ ಒದಗಿಸುವುದು, ಮನೆಯವರನ್ನು ಸಮಾಧಾನದಲ್ಲಿಡುವುದು, ಅಷ್ಟೇ.

ಹೆಜ್ಜೆ 7: ಬಾಯಿ, ಫೋನು, ರಿಜಿಸ್ಟರು

ಕಲಂ 74: ಮಗುವಿನ ಹೆಸರು, ವಿಳಾಸ, ಶಾಲೆ, ಗುರುತು ಸಿಗುವ ಯಾವುದನ್ನೂ ಮಾಧ್ಯಮದಲ್ಲಿ ಪ್ರಕಟಿಸುವಂತಿಲ್ಲ. ಆರು ತಿಂಗಳವರೆಗೆ ಜೈಲು, ಎರಡು ಲಕ್ಷದವರೆಗೆ ದಂಡ, ಅಥವಾ ಎರಡೂ. ಅಂದರೆ ನಿಮ್ಮ ಸಂಘದ ವಾಟ್ಸಾಪ್ ಗುಂಪಿನಲ್ಲಿ "ಇಂದು ನಮ್ಮ ಸಂಘದ ವತಿಯಿಂದ" ಎಂದು ಫೋಟೊ ಹಾಕುವಂತಿಲ್ಲ. ಇದೊಂದು ಕಾರಣಕ್ಕೇ ಇಬ್ಬರು ದಾನಿಗಳು ನಮ್ಮನ್ನು ಬಿಟ್ಟುಹೋದರು. ಹೋಗಲಿ.

ರಿಜಿಸ್ಟರಿನಲ್ಲಿ ಹೆಸರಿನ ಬದಲು ಸಂಖ್ಯೆ, ಬೀರುವಿಗೆ ಬೀಗ. ಸ್ವಯಂಸೇವಕರ ಪೊಲೀಸ್ ಪರಿಶೀಲನೆ ಕಡ್ಡಾಯ ಮಾಡಿ. ಮಗುವಿನ ಜೊತೆ ಒಬ್ಬರೇ ಮುಚ್ಚಿದ ಕೋಣೆಯಲ್ಲಿ ಕೂರುವುದು, ಒಬ್ಬರೇ ಬೈಕಿನಲ್ಲಿ ಕರೆದೊಯ್ಯುವುದು ಬೇಡ. ಹುಡುಗಿಯಾದರೆ ಜೊತೆಯಲ್ಲಿ ಮಹಿಳೆ ಇರಲೇಬೇಕು. ಮಗುವಿಗೆ ಯಾರಾದರೂ ತೊಂದರೆ ಕೊಟ್ಟರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ; ಆ ತೊಂದರೆ ಕೊಟ್ಟವರು ನಿಮ್ಮ ಸಂಘದವರೇ ಆಗಿದ್ದರೂ.

ಕೆಲಸಕ್ಕೆ ಸೇರುವಾಗ ನಡತೆ ಪ್ರಮಾಣಪತ್ರದ ಭಯ ಎಲ್ಲ ತಾಯಂದಿರಿಗೂ ಇರುತ್ತದೆ. ಮುಗಿದ ಪ್ರಕರಣವನ್ನು ಪೊಲೀಸರು ಅದರಲ್ಲಿ ಬಹಿರಂಗಪಡಿಸುವಂತಿಲ್ಲ ಎಂದು ಇದೇ ಕಲಂ ಹೇಳುತ್ತದೆ. ಪುಟವನ್ನು ಝೆರಾಕ್ಸ್ ಮಾಡಿಸಿ ಅವರ ಕೈಗೆ ಕೊಡಿ, ಬಾಯಿಮಾತಿಗಿಂತ ಹೆಚ್ಚು ಧೈರ್ಯ ಬರುತ್ತದೆ.

18 ತುಂಬಿದ ಮೇಲೆ

ಸಂಸ್ಥೆಯಿಂದ 18ಕ್ಕೆ ಹೊರಬರುವವರಿಗೆ ಕಲಂ 46ರಡಿ ಅನುಪಾಲನೆ, ಅಂದರೆ ಹೊರಬಂದ ಮೇಲಿನ ನೆರವು ಇದೆ, ಕೇಂದ್ರದ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ತಿಂಗಳಿಗೆ 4000 ರೂಪಾಯಿ. ಅರ್ಜಿಯನ್ನು ಹುಟ್ಟುಹಬ್ಬಕ್ಕೆ ಮೂರ್ನಾಲ್ಕು ತಿಂಗಳ ಮೊದಲೇ ಡಿಸಿಪಿಯು ಜೊತೆ ಕೂತು ಶುರು ಮಾಡಿ. ಉಜಿರೆಯಲ್ಲಿ 1982ರಲ್ಲಿ ಹುಟ್ಟಿದ ರುಡ್‌ಸೆಟ್ ಮಾದರಿಯ ಸ್ವಉದ್ಯೋಗ ತರಬೇತಿ ಕೇಂದ್ರಗಳು ಈಗ ಜಿಲ್ಲೆಗಳಲ್ಲಿವೆ, ಊಟ ವಸತಿ ಸಹಿತ ಉಚಿತ. ಮೊಬೈಲ್ ರಿಪೇರಿ, ಹೊಲಿಗೆ, ಎಲೆಕ್ಟ್ರಿಕಲ್ ಕೆಲಸಕ್ಕೆ ಅಲ್ಲಿಗೇ ಕಳಿಸುತ್ತೇವೆ.

ಡಿಸಿಪಿಯುಗೆ ಮೊದಲ ಸಲ ಹೋಗುವಾಗ ಒಯ್ಯಬೇಕಾದದ್ದು: ಆ ಒಂದು ಹಾಳೆ, ಸಂಘದ ನೋಂದಣಿ ಪ್ರತಿ, ಇಬ್ಬರ ಆಧಾರ್ ನಕಲು, ಜಾಗಗಳ ಪಟ್ಟಿ. ಮಂಡಳಿ ಕೂರುವ ದಿನ ಯಾವುದೆಂದು ಫೋನಿನಲ್ಲಿ ಕೇಳಿಕೊಂಡು ಆ ದಿನ ಬಿಟ್ಟು ಹೋಗಿ, ಇಲ್ಲದಿದ್ದರೆ ಸಂಜೆ ಐದರವರೆಗೆ ಬೆಂಚಿನ ಮೇಲೆ ಕೂರಬೇಕಾಗುತ್ತದೆ. ನಾನು ಕೂತಿದ್ದೇನೆ.